ಕಡಲೆ ವಾಯಿದಾ ಬಂದ್ ಆದಾಗ ನಾವು ಕೋರ್ಟಿಗೆ ಹೊರಟದ್ದು

2021ರ ಆಗಸ್ಟ್ 17ರ ಬೆಳಿಗ್ಗೆ ನಮ್ಮ ಬ್ರೋಕರ್ ಕಚೇರಿಯ ಹುಡುಗ ಫೋನ್ ಮಾಡಿದ. "ಅಕ್ಕಾರ, ಕಡ್ಲಿ ಬಂದ್ ಆತ್ರಿ" ಅಂದ. ನನಗೆ ಮೊದಲು ತಿಳಿಯಲಿಲ್ಲ. ಎಪಿಎಂಸಿ ಬಂದ್ ಇರಬೇಕು, ಹಮಾಲರು ಕೆಲಸ ನಿಲ್ಲಿಸಿರಬೇಕು ಅಂದುಕೊಂಡೆ. ಅವನು ಬಿಡಿಸಿ ಹೇಳಿದ. ಹಿಂದಿನ ದಿನ ಷೇರುಪೇಟೆ, ವಾಯಿದಾ ಪೇಟೆಗಳ ನಿಯಂತ್ರಕ ಸೆಬಿಯಿಂದ ಆದೇಶ ಬಂದಿದೆ. ಕಡಲೆಯಲ್ಲಿ ಇನ್ನು ಹೊಸ ವಾಯಿದಾ ಕಾಂಟ್ರ್ಯಾಕ್ಟ್, ಅಂದರೆ ಮುಂದಿನ ತಿಂಗಳ ಮಾಲಿಗೆ ಇಂದೇ ದರ ಹಿಡಿಯುವ ಕರಾರು, ಬರುವುದಿಲ್ಲ. ಈಗಾಗಲೇ ಮಾರಿದ್ದು, ಕೊಂಡದ್ದು ಇದ್ದರೆ ಅದನ್ನು ಚುಕ್ತಾ ಮಾಡಿಕೊಂಡು ಹೊರಗೆ ಬರಬಹುದು, ಅಷ್ಟೇ.

ನಮ್ಮದು ರೋಣ ತಾಲೂಕಿನ ಎರಿ ಸೀಮೆಯ ಒಂದು ರೈತ ಉತ್ಪಾದಕ ಕಂಪನಿ. 420 ಸದಸ್ಯರಿದ್ದಾರೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ. ನಾನು ಅದರ ನಿರ್ದೇಶಕಿ. ಬಿಕಾಂ ಓದಿದ್ದರಿಂದ ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು. ವಾಯಿದಾ ಕೆಲಸವೂ ಅದರ ಹಿಂದೆಯೇ ಬಂತು. ಕೊನೆಗೆ ಕೋರ್ಟಿನ ಓಡಾಟವೂ ಬಂತು. ಆ ಓಡಾಟದಲ್ಲಿ ಕಂಡದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ನಮ್ಮಂಥ ಕಂಪನಿಗಳು ಈಗ ಊರೂರಿಗೂ ಇವೆ. ಇನ್ನೊಬ್ಬರು ಇದೇ ದಾರಿ ಹಿಡಿದರೆ ಅವರಿಗೆ ಉಪಯೋಗ ಆಗಲಿ.

ವಾಯಿದಾ ಅಂದರೇನು ಅಂತ ಗೊತ್ತಿಲ್ಲದವರಿಗೆ ನಾವು ಮಾಡಿದ್ದನ್ನೇ ಹೇಳುತ್ತೇನೆ. 2021ರ ಫೆಬ್ರುವರಿಯಲ್ಲಿ ಸದಸ್ಯರಿಂದ 40 ಟನ್ ಕಡಲೆ ಕೊಂಡೆವು. ಗೋದಾಮಿನಲ್ಲಿ ಇಟ್ಟೆವು. ಏಪ್ರಿಲ್ ತನಕ ದರ ಏನಾಗುತ್ತದೋ ಯಾರಿಗೆ ಗೊತ್ತು? ಅದಕ್ಕೆ ಎನ್‌ಸಿಡಿಇಎಕ್ಸ್ ಸರಕು ವಿನಿಮಯ ಕೇಂದ್ರದಲ್ಲಿ ಏಪ್ರಿಲ್ ತಿಂಗಳ ಕಡಲೆಯನ್ನು ಅವತ್ತಿನ ದರಕ್ಕೆ ನಾಲ್ಕು ಲಾಟ್ ಮಾರಿದೆವು. ಒಂದು ಲಾಟ್ ಅಂದರೆ 10 ಟನ್. ಮುಂದೆ ದರ ಬಿದ್ದರೆ ಗೋದಾಮಿನ ಮಾಲಿನಲ್ಲಿ ನಷ್ಟ, ವಾಯಿದಾದಲ್ಲಿ ಲಾಭ. ದರ ಏರಿದರೆ ತಿರುಗಾಮುರುಗಾ. ಹೆಂಗೇ ಆದರೂ ನಮಗೆ ಸಿಗುವ ದರ ಫೆಬ್ರುವರಿಯಲ್ಲೇ ಹೆಚ್ಚುಕಡಿಮೆ ನಿಗದಿ ಆಗಿರುತ್ತದೆ.

ಆ ವರ್ಷ ದರ ಏರಿತು. ಕ್ವಿಂಟಲ್‌ಗೆ ಸುಮಾರು 500 ರೂಪಾಯಿ. ವಾಯಿದಾ ಖಾತೆಯಿಂದ ದಿನಾ ದುಡ್ಡು ಹೋಗತೊಡಗಿತು. ಸಂಜೆ ಆದರೆ ಬ್ರೋಕರ್ ಕಡೆಯಿಂದ ಮೆಸೇಜ್, ನಾಳೆ ಬೆಳಿಗ್ಗೆ ಇಷ್ಟು ಕಟ್ಟಿ ಅಂತ. ಎರಡು ತಿಂಗಳಲ್ಲಿ ಹೆಚ್ಚುಕಡಿಮೆ 2 ಲಕ್ಷ ಕಟ್ಟಿದೆವು. ಗೋದಾಮಿನ ಮಾಲು ಅಷ್ಟೇ ಜಾಸ್ತಿ ದರಕ್ಕೆ ಹೋಯಿತು ನಿಜ. ಆದರೆ ಸಭೆಯಲ್ಲಿ ಎಲ್ಲರಿಗೂ ಕಂಡದ್ದು ಕಟ್ಟಿದ 2 ಲಕ್ಷ ಮಾತ್ರ. "ಅಕ್ಕಾರು ಸಟ್ಟಾದಾಗ ರೊಕ್ಕಾ ಕಳದ್ರು" ಅಂತ, ಅಂದರೆ ಜೂಜಿನಲ್ಲಿ ದುಡ್ಡು ಕಳೆದರು ಅಂತ, ಊರಲ್ಲಿ ಮಾತಾಯಿತು. ಮೂರು ಸಭೆಗಳಲ್ಲಿ ಕರಿಹಲಗೆ ಮೇಲೆ ಲೆಕ್ಕ ಬರೆದು ತೋರಿಸಿದೆ. ಮೂರನೇ ಸಭೆಗೆ ಬಹಳ ಜನ ಒಪ್ಪಿದರು. ಮುಂದಿನ ವರ್ಷವೂ ಮಾಡೋಣ ಅಂತ ಠರಾವ್ ಆಯಿತು. ಅಷ್ಟರಲ್ಲಿ ಆಗಸ್ಟ್ ಬಂತು.

ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಆದೇಶ ಬಂತು. 2021ರ ಡಿಸೆಂಬರ್ 19, ಭಾನುವಾರ. ಬಾಸ್ಮತಿ ಅಲ್ಲದ ಭತ್ತ, ಗೋಧಿ, ಕಡಲೆ, ಸಾಸಿವೆ, ಸೋಯಾ, ಕಚ್ಚಾ ತಾಳೆ ಎಣ್ಣೆ, ಹೆಸರು. ಈ ಏಳರ ವಾಯಿದಾ ಒಂದು ವರ್ಷ ಬಂದ್. ಸಾಸಿವೆ, ಸೋಯಾದಿಂದ ಬರುವ ಎಣ್ಣೆ, ಹಿಂಡಿಯೂ ಅದರೊಳಗೇ ಸೇರಿದವು. ನಮ್ಮ ಹೊಲದ ಎರಡು ಬೆಳೆ, ಕಡಲೆ ಮತ್ತು ಹೆಸರು, ಆ ಪಟ್ಟಿಯಲ್ಲಿದ್ದವು. ಆಗ ಅಡುಗೆ ಎಣ್ಣೆಯ ದರ ಮೇಲಿತ್ತು. ಬೇಳೆಕಾಳಿನ ದರದ ಬಗ್ಗೆ ಸರ್ಕಾರಕ್ಕೆ ಚಿಂತೆ ಇತ್ತು. ಪಟ್ಟಣದಲ್ಲಿ ಕೊಂಡು ತಿನ್ನುವವರ ಕಷ್ಟ ನನಗೂ ಗೊತ್ತಿದೆ. ನನ್ನ ತಂಗಿ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಎಣ್ಣೆ ಡಬ್ಬಿಯ ದರ ಕೇಳಿ ಅವಳು ಅತ್ತದ್ದನ್ನು ನೋಡಿದ್ದೇನೆ.

2022ರ ಫೆಬ್ರುವರಿಯಲ್ಲಿ ರಾಶಿ ಆಯಿತು. ಆ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಲ್‌ಗೆ 5,230 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿತ್ತು. ಖರೀದಿ ಕೇಂದ್ರದಲ್ಲಿ ಒಬ್ಬ ರೈತನಿಂದ ಇಷ್ಟೇ ಕ್ವಿಂಟಲ್ ಅಂತ ಮಿತಿ. ಮಿಕ್ಕಿದ್ದನ್ನು ಸದಸ್ಯರು ಕಂಪನಿಗೆ ತಂದರು. ಬೇಡ ಅನ್ನೋಕೆ ಆಗುತ್ತಾ? 4,850ರಂತೆ 400 ಕ್ವಿಂಟಲ್ ಕೊಂಡೆವು. ಈ ಸಲ ದರ ಹಿಡಿದಿಡಲು ಏನೂ ಇರಲಿಲ್ಲ. ಜೂನ್‌ನಲ್ಲಿ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಬೇಕಾಯಿತು. 4,420ಕ್ಕೆ ಮಾರಿದೆವು. ನಷ್ಟ 1,72,000. ಗೋದಾಮಿನ ಬಾಡಿಗೆ, ಬ್ಯಾಂಕ್ ಬಡ್ಡಿ ಬೇರೆ. ಲಿಸ್ಟೆಡ್ ಕಂಪನಿಗಳಿಗೆ ಇದು ಲೆಕ್ಕಕ್ಕೇ ಇಲ್ಲ. ನಮಗೆ ಅದು ಒಂದು ವರ್ಷದ ಉಳಿತಾಯ.

ಕೋರ್ಟಿಗೆ ಹೋಗೋಣ ಅಂತ ಮೊದಲು ಹೇಳಿದ್ದು ನಮ್ಮ ಮಂಡಳಿಯ ಅತಿ ಚಿಕ್ಕ ವಯಸ್ಸಿನ ಸದಸ್ಯ. ನನಗೆ ಅಂಜಿಕೆ ಇತ್ತು. ಆದರೂ ಗದಗಿನ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಕಾಗದ ನೋಡಿ, ಇದು ಜಿಲ್ಲಾ ಕೋರ್ಟಿನ ಕೆಲಸ ಅಲ್ಲ, ನನ್ನ ಕೈಲಿ ಆಗುವುದೂ ಇಲ್ಲ ಅಂದರು. ಫೀಸ್ ತಗೊಳ್ಳಲಿಲ್ಲ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವ ಒಬ್ಬ ಹಿರಿಯರ ಹೆಸರು ಬರೆದುಕೊಟ್ಟರು.

ಧಾರವಾಡದ ವಕೀಲ ಸಾಹೇಬರು ಮೊದಲ ದಿನ ನಮ್ಮ ನಷ್ಟದ ಬಗ್ಗೆ ಕೇಳಲೇ ಇಲ್ಲ. "ಅಕ್ಕಾರ, ಮೊದಲ ಬಾಗಿಲಾ ಯಾವುದು ಅಂತ ಹುಡಕೂಣು. ತಪ್ಪ ಬಾಗಿಲಾ ಬಡದ್ರ ಒಂದ ವರ್ಷ ಹೋಗತೈತಿ" ಅಂದರು. ಆಮೇಲೆ ಎರಡು ತಾಸು ಬಾಗಿಲಿನ ಪಾಠವೇ ನಡೆಯಿತು.

ಸೆಬಿಯ ಆದೇಶದಿಂದ ತೊಂದರೆ ಆದವರು ಮುಂಬೈನಲ್ಲಿರುವ ಸೆಕ್ಯುರಿಟೀಸ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 45 ದಿನದ ಗಡುವು. ನಾವೂ ಅಲ್ಲಿಗೇ ಹೋಗಬೇಕು ಅಂತ ಬ್ರೋಕರ್ ಕಚೇರಿಯಲ್ಲಿ ಹೇಳಿದ್ದರು. ನಮ್ಮ 45 ದಿನ ಯಾವಾಗಲೋ ಮುಗಿದಿತ್ತು. ನನ್ನ ಎದೆ ಧಸಕ್ಕೆಂದಿತು. ಆದರೆ ವಕೀಲರು 2017ರ ಒಂದು ತೀರ್ಪು ತೆಗೆದರು. ಎನ್‌ಎಸ್‌ಡಿಎಲ್ ಅನ್ನುವ ಷೇರು ಖಾತೆಗಳ ಸಂಸ್ಥೆ ಮತ್ತು ಸೆಬಿ ನಡುವಿನದ್ದು. ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದ್ದು ಹೀಗೆ: ಒಬ್ಬರ ಮೇಲೆ ವಿಚಾರಣೆ ನಡೆಸಿ ಕೊಟ್ಟ ಆದೇಶವನ್ನು ಮಾತ್ರ ಆ ನ್ಯಾಯಮಂಡಳಿಗೆ ಒಯ್ಯಬಹುದು. ಎಲ್ಲರಿಗೂ ಅನ್ವಯಿಸುವ ಸುತ್ತೋಲೆ, ಆಡಳಿತದ ಸೂಚನೆ ಇಂಥವನ್ನು ಅಲ್ಲಿಗೆ ಒಯ್ಯಲು ಬರುವುದಿಲ್ಲ. ಅವಕ್ಕೆ ಹೈಕೋರ್ಟ್. ಅಂದರೆ ಸಂವಿಧಾನದ 226ನೇ ವಿಧಿ, ಸರ್ಕಾರದ ಕ್ರಮವನ್ನು ನೇರ ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿ.

ಹೈಕೋರ್ಟ್ ಸರಿ, ಯಾವ ಹೈಕೋರ್ಟ್? ಸೆಬಿಯ ಮುಖ್ಯ ಕಚೇರಿ ಮುಂಬೈನಲ್ಲಿದೆ. ವಿನಿಮಯ ಕೇಂದ್ರವೂ ಮುಂಬೈನಲ್ಲಿದೆ. ಆದೇಶ ಹೊರಟದ್ದೂ ಅಲ್ಲಿಂದಲೇ. ಆದರೆ ತೊಂದರೆಯ ಕಾರಣ ಸ್ವಲ್ಪವಾದರೂ ನಮ್ಮ ನೆಲದಲ್ಲಿ ಹುಟ್ಟಿದ್ದರೆ ಇಲ್ಲಿನ ಹೈಕೋರ್ಟ್ ಕೇಳಬಹುದು. 226ನೇ ವಿಧಿಯ ಎರಡನೇ ಖಂಡದಲ್ಲೇ ಅದು ಇದೆ. ಕಡಲೆ ಬೆಳೆದದ್ದು ರೋಣದಲ್ಲಿ, ಗೋದಾಮು ಗದಗಿನಲ್ಲಿ, ನಷ್ಟ ಆದದ್ದು ಇಲ್ಲಿ. ಎದುರು ಪಕ್ಷದವರು ಇದನ್ನೇ ಮೊದಲು ಎತ್ತುತ್ತಾರೆ, ತಯಾರಿರಿ ಅಂತ ವಕೀಲರು ಎಚ್ಚರಿಸಿದರು. ನನಗೆ ಆಗ ಅನ್ನಿಸಿದ್ದು, ಧಾರವಾಡದಲ್ಲಿ ಪೀಠ ಇರದಿದ್ದರೆ ನಾವು ಇಷ್ಟು ದೂರವೂ ಬರುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿಬರುವ ಖರ್ಚು, ಎರಡು ದಿನ, ಯಾರು ಒಪ್ಪುತ್ತಿದ್ದರು? ಈಗ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ ಹತ್ತಿದರೆ ಸಂಜೆ ಮನೆಗೆ ಬರುತ್ತಿದ್ದೆ.

ಎರಡನೇ ಭೇಟಿಯಿಂದ ಕಾಗದದ ಕಥೆ ಶುರುವಾಯಿತು. ನಿಜವಾದ ಕಷ್ಟ ಇಲ್ಲೇ ಇತ್ತು.

ಕಂಪನಿ ಪರವಾಗಿ ಕೇಸ್ ಹಾಕಲು ಮಂಡಳಿಯ ಠರಾವ್ ಬೇಕು. ಅದು ಸುಲಭ. ನಾವು ವಾಯಿದಾ ಮಾಡುತ್ತಿದ್ದೆವು ಅನ್ನೋದಕ್ಕೆ ಬ್ರೋಕರ್ ಕೊಡುವ ವ್ಯವಹಾರದ ಚೀಟಿ, ಅಂದರೆ ಕಾಂಟ್ರ್ಯಾಕ್ಟ್ ನೋಟ್, ಮತ್ತೆ ಮಾರ್ಜಿನ್ ಅನ್ನುವ ಭದ್ರತೆ ದುಡ್ಡು ಕಟ್ಟಿದ ಲೆಡ್ಜರ್ ಬೇಕು. ಕಾಂಟ್ರ್ಯಾಕ್ಟ್ ನೋಟ್ ಎಲ್ಲವೂ ಒಂದು ಇಮೇಲ್‌ಗೆ ಬರುತ್ತಿದ್ದವು. ಆ ಇಮೇಲ್ ತೆರೆದದ್ದು ಮೊದಲು ಕೆಲಸದಲ್ಲಿದ್ದ ಹುಡುಗ. ಅವನು ಬೇರೆ ಕಡೆ ಸೇರಿದ್ದ, ಪಾಸ್‌ವರ್ಡ್ ಮರೆತಿದ್ದ. ಬ್ರೋಕರ್ ಕಚೇರಿಗೆ ಪತ್ರ ಬರೆದು, ಫೋನ್ ಮಾಡಿ, ಕೊನೆಗೆ ನಾನೇ ಹುಬ್ಬಳ್ಳಿಗೆ ಹೋಗಿ ಕೂತು ಲೆಡ್ಜರ್ ತಂದೆ. ಅದಕ್ಕೆ ಏಳು ವಾರ ಹಿಡಿಯಿತು.

ಆಮೇಲೆ ಮಾಲಿನ ಲೆಕ್ಕ. 400 ಕ್ವಿಂಟಲ್ ನಿಜವಾಗಿ ನಮ್ಮ ಗೋದಾಮಿನಲ್ಲಿತ್ತು ಅಂತ ತೋರಿಸಬೇಕು. ಹಾಗೆ ತೋರಿಸದಿದ್ದರೆ ನಾವೂ ಬರೀ ದರದ ಮೇಲೆ ಆಡುವವರು ಅನ್ನಿಸಿಕೊಳ್ಳುತ್ತೇವೆ. ನಮ್ಮ ಕೇಸಿನ ಜೀವವೇ ಅದು, ನಮ್ಮ ಹತ್ತಿರ ಮಾಲು ಇತ್ತು ಅನ್ನೋದು. ತೂಕದ ಚೀಟಿಗಳು 63 ಇರಬೇಕಿತ್ತು. ಸಿಕ್ಕಿದ್ದು 48. ಉಳಿದವುಗಳಲ್ಲಿ ಕೆಲವನ್ನು ಸದಸ್ಯರ ಮನೆಯಿಂದ ತಂದೆ. ಒಂದು ಚೀಟಿ ದೇವರ ಕೋಣೆಯ ಮಾಡದಲ್ಲಿತ್ತು. ಇನ್ನೊಂದರ ಹಿಂದೆ ಮಗು ಅಕ್ಷರ ತಿದ್ದಿತ್ತು. ಆರು ಚೀಟಿ ಸಿಗಲೇ ಇಲ್ಲ. ಆ ಸದಸ್ಯರಿಂದ ಅಫಿಡವಿಟ್ ಬರೆಸಬೇಕಾಯಿತು. ಬಿತ್ತುವ ಕಾಲದಲ್ಲಿ ಒಬ್ಬ ರೈತನನ್ನು ನೋಟರಿ ಹತ್ತಿರ ಕರೆದೊಯ್ಯುವುದು ಅಂದರೆ ಏನು ಅಂತ ಹೊಲ ಇದ್ದವರಿಗೆ ಗೊತ್ತು.

ಇಷ್ಟೆಲ್ಲ ಜೋಡಿಸಿ ಒಯ್ದೆ. ವಕೀಲರು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು. "ವಾಯಿದಾ ಇದ್ದಿದ್ರ ಈ 1,72,000 ಪೂರ್ತಿ ಉಳೀತಿತ್ತೇನ್ರಿ?"

ನಾನು ಹೌದು ಅನ್ನಬಹುದಿತ್ತು. ಅನ್ನಲಿಲ್ಲ. ವಾಯಿದಾ ದರ ಉತ್ತರದ ದೊಡ್ಡ ಮಾರುಕಟ್ಟೆಗಳನ್ನು ನೋಡಿ ನಡೆಯುತ್ತದೆ. ಗದಗಿನ ದರ ಅದರ ಜೊತೆ ಏರಿಳಿದರೂ ಅಂತರ ಒಂದೇ ಸಮ ಇರುವುದಿಲ್ಲ. ಒಂದು ತಿಂಗಳು 150 ಇದ್ದದ್ದು ಇನ್ನೊಂದು ತಿಂಗಳು 300 ಆಗಬಹುದು. ಹಾಗಾಗಿ ಬಹುಪಾಲು ಉಳಿಯುತ್ತಿತ್ತು, ಪೂರ್ತಿ ಅಂತ ಹೇಳಲಾರೆ ಅಂದೆ. "ಹಂಗ ಹೇಳ್ರಿ. ಖರೇ ಇದ್ದದ್ದನ್ನ ಬರಿಯೂಣು" ಅಂದರು. ಆ ಮಾತಿನಿಂದ ನನಗೆ ಅವರ ಮೇಲೆ ನಂಬಿಕೆ ಗಟ್ಟಿಯಾಯಿತು.

ಮೂರು ತಿಂಗಳು ಶನಿವಾರ ಶನಿವಾರ ಅವರ ಕಚೇರಿಯಲ್ಲಿ ಕೂತೆ. ಅಲ್ಲಿ ಗೊತ್ತಾದದ್ದು, ಈ ಜಗಳ ಬಹಳ ಹಳೆಯದು. ಸಂವಿಧಾನದ ಕೇಂದ್ರ ಪಟ್ಟಿಯ 48ನೇ ನಮೂದಿನಲ್ಲಿ ಷೇರುಪೇಟೆಯ ಜೊತೆ ವಾಯಿದಾ ಮಾರುಕಟ್ಟೆಯೂ ಇದೆ. ಅಂದರೆ ಇದು ದಿಲ್ಲಿಯ ಕೈಯಲ್ಲಿರುವ ವಿಷಯ. 1952ರಲ್ಲಿ ಫಾರ್ವರ್ಡ್ ಕಾಂಟ್ರ್ಯಾಕ್ಟ್ಸ್ ಕಾಯ್ದೆ ಬಂತು. 11 ದಿನದೊಳಗೆ ಮಾಲು ಕೊಟ್ಟು ದುಡ್ಡು ತೆಗೆದುಕೊಂಡರೆ ಅದು ಸಾಮಾನ್ಯ ವ್ಯಾಪಾರ. ಅದನ್ನು ಮೀರಿದರೆ ಫಾರ್ವರ್ಡ್. ಅದರ 17ನೇ ಕಲಮಿನಲ್ಲಿ ಸರ್ಕಾರ ಬೇಕಾದ ಸರಕಿನ ಫಾರ್ವರ್ಡ್ ವ್ಯಾಪಾರವನ್ನು ನಿಷೇಧಿಸಬಹುದಿತ್ತು. ಅರವತ್ತರ ದಶಕದಲ್ಲಿ ಬಹುತೇಕ ಎಲ್ಲ ಸರಕಿಗೂ ಹಾಗೇ ಆಯಿತು. 2003ರಲ್ಲಿ ಬಾಗಿಲು ಮತ್ತೆ ತೆರೆಯಿತು. 2015ರ ಸೆಪ್ಟೆಂಬರ್ 28ರಂದು ಅಲ್ಲಿಯ ತನಕ ವಾಯಿದಾ ನೋಡಿಕೊಳ್ಳುತ್ತಿದ್ದ ಹಳೆಯ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ ಸೆಬಿಯಲ್ಲಿ ವಿಲೀನ ಆಯಿತು.

ಕೋರ್ಟಿಗೆ ಹೋದ ವ್ಯಾಪಾರಿಗಳೂ ಹಿಂದಿನಿಂದ ಇದ್ದಾರೆ. ರಘುಬರ್ ದಯಾಳ್ ಜೈ ಪ್ರಕಾಶ್ ಅನ್ನುವ ಕೇಸ್ ಇದೆ, 1962ರ ವರದಿಗಳಲ್ಲಿ ಸಿಗುತ್ತದೆ. ಫಾರ್ವರ್ಡ್ ವ್ಯಾಪಾರ ನಡೆಸುವ ಸಂಘ ಕಟ್ಟುವುದು ನಮ್ಮ ಮೂಲಭೂತ ಹಕ್ಕು, ಅದಕ್ಕೆ ಮಾನ್ಯತೆ ಕೊಡಲು ಸರ್ಕಾರ ಷರತ್ತು ಹಾಕುವಂತಿಲ್ಲ ಅಂತ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಂಘ ಕಟ್ಟಿ, ಯಾರೂ ತಡೆಯುವುದಿಲ್ಲ. ಮಾನ್ಯತೆ ಬೇಕಾದರೆ ಷರತ್ತು ಪಾಲಿಸಿ, ಅಂತ ತೀರ್ಪಾಯಿತು. ಅದಕ್ಕೂ ಮೊದಲು, 1959ರಲ್ಲಿ ಘೇರುಲಾಲ್ ಪಾರಖ್ ಕೇಸ್. ಹಾಪುರದ ಎರಡು ಅಂಗಡಿಗಳ ಜೊತೆ ದರದ ಪಂಥ ಕಟ್ಟಲು ಇಬ್ಬರು ಪಾಲುದಾರರಾಗಿದ್ದರು. ನಷ್ಟ ಆದಾಗ ಒಬ್ಬ ತನ್ನ ಪಾಲು ಕೊಡಲಿಲ್ಲ. ಪಂಥದ ಒಪ್ಪಂದ ಕೋರ್ಟಿನಲ್ಲಿ ನಡೆಯುವುದಿಲ್ಲ ನಿಜ, ಆದರೆ ಅದು ಕಾನೂನುಬಾಹಿರ ಅಲ್ಲ, ಪಾಲುದಾರಿಕೆಯ ಲೆಕ್ಕ ತೀರಿಸಲೇಬೇಕು ಅಂತ ಕೋರ್ಟ್ ಹೇಳಿತು. ಇದನ್ನು ಓದಿದಾಗ ನಮ್ಮೂರಿನ "ಸಟ್ಟಾ" ಅನ್ನೋ ಮಾತು ನೆನಪಾಯಿತು. ವಾಯಿದಾ, ಪಂಥ ಎರಡೂ ಒಂದೇ ಅನ್ನುವ ಅನುಮಾನ ನಮ್ಮ ಸಭೆಯಲ್ಲಿ ಮಾತ್ರ ಹುಟ್ಟಿದ್ದಲ್ಲ ಅಂತ ಗೊತ್ತಾಯಿತು.

ವಕೀಲರ ಜೂನಿಯರ್ ಹುಡುಗಿಯೊಬ್ಬಳು ಒಂದು ಶನಿವಾರ ಅಮೆರಿಕದ ಉಳ್ಳಾಗಡ್ಡಿ ಕಥೆ ಹೇಳಿದಳು. 1955ರಲ್ಲಿ ಅಲ್ಲಿ ಇಬ್ಬರು ವ್ಯಾಪಾರಿಗಳು ಶಿಕಾಗೋದ ಉಳ್ಳಾಗಡ್ಡಿಯನ್ನೆಲ್ಲ ಕೈವಶ ಮಾಡಿಕೊಂಡು ದರ ಕುಣಿಸಿದರಂತೆ. ಕೊನೆಗೆ ದರ ಎಷ್ಟು ಬಿತ್ತು ಅಂದರೆ ಉಳ್ಳಾಗಡ್ಡಿಗಿಂತ ಚೀಲವೇ ತುಟ್ಟಿ. ರೈತರು ಸಿಟ್ಟಿಗೆದ್ದರು. 1958ರಲ್ಲಿ ಉಳ್ಳಾಗಡ್ಡಿಯ ವಾಯಿದಾ ನಿಷೇಧಿಸಿ ಕಾಯ್ದೆಯೇ ಬಂತು. ಶಿಕಾಗೋದ ವಿನಿಮಯ ಕೇಂದ್ರ ಕೋರ್ಟಿಗೆ ಹೋಯಿತು, ಸೋತಿತು. ಆ ನಿಷೇಧ ಇಂದಿಗೂ ಇದೆ. ರೋಣದವಳಾದ ನನಗೆ ಉಳ್ಳಾಗಡ್ಡಿ ದರ ಚೀಲಕ್ಕಿಂತ ಕೆಳಗೆ ಹೋಗೋದು ಹೊಸದಲ್ಲ. ವಾಯಿದಾ ಇಲ್ಲದೆಯೂ ನಮ್ಮಲ್ಲಿ ಅದು ಆಗುತ್ತದೆ. ಆದರೆ ಅಲ್ಲಿ ನಿಷೇಧ ಕೇಳಿದವರು ರೈತರೇ ಅನ್ನೋದು ನನ್ನನ್ನು ಬಹಳ ದಿನ ಕಾಡಿತು.

ಹಾಗೆ ನಿಷೇಧವೇ ಒಳ್ಳೆಯದು ಅನ್ನುವವರು ನಮ್ಮೂರಿನಲ್ಲೇ ಒಬ್ಬರು ಇದ್ದರು. ನಮ್ಮ ಸದಸ್ಯರಲ್ಲಿ ಹಿರಿಯರು, ಎಲ್ಲರೂ ಕಾಕಾ ಅನ್ನುತ್ತೇವೆ. ಕೇಸಿಗೆ ಅವರ ವಿರೋಧ. "ನೋಡವಾ, ನನ್ನ ಹೊಲದಾಗಿನ ಕಡ್ಲಿಗೆ ಮುಂಬೈದಾಗ ಕುಂತಾಂವ ದರಾ ಹಚ್ಚತಾನ. ಅಂವಾ ಒಂದ ಕಾಳ ನೋಡಿಲ್ಲ. ಅದು ಬಂದ್ ಆದ್ರ ನಿಮಗ್ಯಾಕ ಸಂಕಟಾ?" ಅಂದರು. ನಾನು ವಾದಿಸಿದೆ. ಆದರೆ ಅವರ ಮಾತಿನಲ್ಲಿ ತೂಕ ಇತ್ತು. 2007ರಲ್ಲಿ ಸರ್ಕಾರ ತೊಗರಿ, ಉದ್ದು, ಗೋಧಿ, ಅಕ್ಕಿಯ ವಾಯಿದಾ ನಿಲ್ಲಿಸಿ, ಇದರಿಂದ ದರ ಏರುತ್ತದೋ ಇಲ್ಲವೋ ನೋಡಿ ಅಂತ ಅರ್ಥಶಾಸ್ತ್ರಜ್ಞ ಅಭಿಜಿತ್ ಸೇನ್ ಅವರ ಸಮಿತಿ ಮಾಡಿತು. 2008ರಲ್ಲಿ ವರದಿ ಬಂತು. ವಾಯಿದಾದಿಂದಲೇ ದರ ಏರಿತು ಅಂತಲೂ ಗಟ್ಟಿಯಾಗಿ ಹೇಳಲಾಗಲಿಲ್ಲ, ಏರಲಿಲ್ಲ ಅಂತಲೂ ಹೇಳಲಾಗಲಿಲ್ಲ. ಅಷ್ಟು ದೊಡ್ಡವರಿಗೆ ಆಗದ್ದನ್ನು ನಾನು ಕಾಕಾಗೆ ಹೇಗೆ ಸಾಬೀತು ಮಾಡಲಿ?

ಕಾಕಾ ಜೊತೆ ಮಾತಾಡಿದ ಮೇಲೆ ನಮ್ಮ ಅರ್ಜಿಯೇ ಬದಲಾಯಿತು. ಮೊದಲು ನಾವು ಕೇಳಿದ್ದು ಒಂದೇ, ನಿಷೇಧ ರದ್ದು ಮಾಡಿ ಅಂತ. ಅದು ಕಷ್ಟ ಅಂತ ವಕೀಲರು ಮೊದಲಿಂದ ಹೇಳುತ್ತಿದ್ದರು. ದುಡ್ಡುಕಾಸಿನ ನೀತಿಯಲ್ಲಿ ಸರ್ಕಾರಕ್ಕೆ ಜಾಸ್ತಿ ಸಡಿಲಿಕೆ ಕೊಡಬೇಕು ಅಂತ 1981ರ ಆರ್.ಕೆ. ಗರ್ಗ್ ತೀರ್ಪಿನಿಂದ ಹಿಡಿದು ಕೋರ್ಟುಗಳು ಹೇಳುತ್ತ ಬಂದಿವೆ. ನಮ್ಮ ಕಡೆಗೆ ಇದ್ದದ್ದು 2020ರ ಮಾರ್ಚ್ 4ರ ಒಂದು ತೀರ್ಪು. ಬಿಟ್‌ಕಾಯಿನ್‌ನಂಥ ವ್ಯವಹಾರ ಮಾಡುವವರಿಗೆ ಬ್ಯಾಂಕ್ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಸುತ್ತೋಲೆ ಹೊರಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗೆ ಮಾಡುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆ, ಆದರೆ ಬ್ಯಾಂಕುಗಳಿಗೆ ಇದರಿಂದ ಹಾನಿ ಆಗಿದೆ ಅಂತ ತೋರಿಸಿಲ್ಲ, ಇಷ್ಟು ಕಠಿಣ ಕ್ರಮ ಅಳತೆ ಮೀರಿದ್ದು ಅಂತ ಹೇಳಿತು. ನಮ್ಮ ವಕೀಲರು ಆ ಪುಟಗಳಿಗೆ ಹಳದಿ ಚೀಟಿ ಅಂಟಿಸಿಟ್ಟಿದ್ದರು.

ಅದನ್ನೇ ಹಿಡಿದು ಅರ್ಜಿ ಬರೆದೆವು. ನಿಲ್ಲಿಸುವ ಅಧಿಕಾರ ಇದೆ, ಒಪ್ಪುತ್ತೇವೆ. ಆದರೆ ದರ ಕುಣಿಸುವವರನ್ನು ಹಿಡಿಯಲು ಬೇರೆ ದಾರಿ ಇವೆ. ಒಬ್ಬರು ಎಷ್ಟು ಲಾಟ್ ಹಿಡಿಯಬಹುದು ಅನ್ನೋ ಮಿತಿ ಇಳಿಸಬಹುದು. ಮಾರ್ಜಿನ್ ಏರಿಸಬಹುದು. ಮಾಲು ಕೊಡುವುದು ಕಡ್ಡಾಯ ಅನ್ನಬಹುದು. ಗೋದಾಮಿನಲ್ಲಿ ಮಾಲು ಇಟ್ಟ ರೈತರ ಕಂಪನಿ, ಆ ಮಾಲಿನಷ್ಟೇ ವಾಯಿದಾ ಮಾರಿದರೆ ಅದರಿಂದ ದರ ಹೇಗೆ ಏರುತ್ತದೆ? ನಾವು ಮಾರುವವರು, ಕೊಳ್ಳುವವರಲ್ಲ. ಹಾಗಾಗಿ ನಮ್ಮ ಬೇಡಿಕೆ ಮೂರು ಮೆಟ್ಟಿಲಿನದ್ದಾಯಿತು. ಕಡಲೆಯ ಮಟ್ಟಿಗೆ ಆದೇಶ ರದ್ದು ಮಾಡಿ. ಆಗದಿದ್ದರೆ ಮಾಲು ತೋರಿಸುವ ರೈತ ಕಂಪನಿಗಳಿಗಾದರೂ ಮಾರಲು ಬಿಡಿ. ಅದೂ ಆಗದಿದ್ದರೆ, ನಿಲ್ಲಿಸಿದ ಕಾರಣವನ್ನು, ಅದರ ಹಿಂದಿನ ಲೆಕ್ಕವನ್ನು ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಮೂರನೆಯದು ನನ್ನ ಮನಸ್ಸಿಗೆ ಅತಿ ಹತ್ತಿರ. ಒಂದು ಹಂಗಾಮಿನ ದುಡ್ಡು ಹೋಗಲಿ, ಯಾಕೆ ಹೋಯಿತು ಅಂತ ತಿಳಿಯುವ ಹಕ್ಕು ರೈತನಿಗೆ ಇದೆ ಅಂತ ನಾನು ಮನಸಾರೆ ನಂಬಿದ್ದೇನೆ. ಈ ಮೂರನೆಯದನ್ನು ಓದಿ ಹೇಳಿದಾಗ ಕಾಕಾ ಕೂಡ ತಲೆ ಆಡಿಸಿದರು.

2022ರ ನವೆಂಬರ್ ಕೊನೆಗೆ ಅರ್ಜಿ ತಯಾರಾಯಿತು. 41 ಪುಟ, ಕಾಗದಪತ್ರ ಬೇರೆ. ವಕಾಲತ್ತಿಗೆ ಸಹಿ ಹಾಕಿದೆ. ಆಗ ವಕೀಲರು ಕ್ಯಾಲೆಂಡರ್ ನೋಡಿದರು. ನಿಷೇಧ ಒಂದು ವರ್ಷದ್ದು. ಡಿಸೆಂಬರ್ 20ಕ್ಕೆ ಮುಗಿಯುತ್ತದೆ. ಈಗ ಹಾಕಿದರೆ ನೋಟಿಸ್ ಹೋಗಿ ಅವರು ಉತ್ತರ ಕೊಡುವ ಹೊತ್ತಿಗೆ ಆದೇಶವೇ ಇರುವುದಿಲ್ಲ. ಇಲ್ಲದ ಆದೇಶದ ಮೇಲೆ ಕೋರ್ಟ್ ಏನು ಹೇಳೀತು? ಕಾಯೋಣ ಅಂದರು. ಅದಕ್ಕೂ ಮೊದಲು ಒಂದು ಮನವಿ ಪತ್ರ ಕಳಿಸೋಣ, ಕೇಳದೇ ಬಂದಿರಿ ಅಂತ ಯಾರೂ ಅನ್ನಬಾರದು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಮುಟ್ಟಿದ ಸ್ವೀಕೃತಿ ಬಂತು.

ಡಿಸೆಂಬರ್ 20ರ ಹೊತ್ತಿಗೆ ನಿಷೇಧ ಇನ್ನೊಂದು ವರ್ಷ ಮುಂದುವರಿಯಿತು, 2023ರ ಡಿಸೆಂಬರ್ 20ರ ತನಕ. ಇದು ಹೊಸ ಆದೇಶ. ಅರ್ಜಿಯಲ್ಲಿ ದಿನಾಂಕ, ಆಧಾರ, ಬೇಡಿಕೆ ಎಲ್ಲ ತಿದ್ದಬೇಕು. ನಷ್ಟವೂ ಹೊಸ ಆದೇಶದಿಂದ ಆದದ್ದು ಅಂತ ತೋರಿಸಬೇಕು. ಅಷ್ಟರಲ್ಲಿ 2023ರ ಮಧ್ಯದಿಂದ ಕಡಲೆ ದರ ಏರತೊಡಗಿತು. ದರ ಏರುವಾಗ ಮಾರುವವನಿಗೆ ವಾಯಿದಾ ಇಲ್ಲದ್ದರಿಂದ ನಷ್ಟ ಆಯಿತು ಅಂತ ಹೇಳುವುದು ಹೇಗೆ? ಕಳೆದ ವರ್ಷದ ನಷ್ಟ ಕಳೆದ ವರ್ಷದ ಆದೇಶದ್ದು. ಈ ವರ್ಷದ ಆದೇಶಕ್ಕೆ ಈ ವರ್ಷದ ನಷ್ಟ ಇಲ್ಲ. ಒಂದೊಂದೇ ವರ್ಷದ ತಾತ್ಕಾಲಿಕ ನಿಷೇಧವನ್ನು ಕೋರ್ಟಿನಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ನನಗೆ ಆಗ ಅರಿವಾಯಿತು. ಶಾಶ್ವತ ನಿಷೇಧ ಆಗಿದ್ದರೆ ಹೋರಾಟ ಇದಕ್ಕಿಂತ ಸುಲಭ ಇರುತ್ತಿತ್ತೇನೋ.

ವಾರ್ಷಿಕ ಸಭೆಯಲ್ಲಿ ವಿಷಯ ಇಟ್ಟೆ. ಇಲ್ಲಿಯ ತನಕ ಆದ ಖರ್ಚು 38,000. ಮುಂದೆ ಇನ್ನೂ ಆಗುತ್ತದೆ. ಸದ್ಯಕ್ಕೆ ಹಾಕುವುದು ಬೇಡ, ಫೈಲ್ ತಯಾರಿರಲಿ ಅಂತ ಕೈ ಎತ್ತಿದವರು ಜಾಸ್ತಿ. ನಾನು ಹಾಕಬೇಕು ಅನ್ನುವ ಕಡೆ ಇದ್ದೆ. ಸೋತೆ. ಬೇಸರ ಆಯಿತು, ಮುಚ್ಚಿಡುವುದಿಲ್ಲ.

ಈ ನಡುವೆ ಬೇರೆ ದಾರಿಯೂ ನೋಡಿದೆವು. ಒಂದು ಬೇಳೆ ಮಿಲ್ ಜೊತೆ ಜನವರಿಯಲ್ಲೇ ದರ ಮಾತಾಡಿ, ಮಾರ್ಚ್‌ನಲ್ಲಿ ಮಾಲು ಕೊಡುವ ಕರಾರು ಮಾಡಿಕೊಂಡೆವು. ಮಾರ್ಚ್‌ನಲ್ಲಿ ದರ ಸ್ವಲ್ಪ ಇಳಿಯಿತು. ಮಿಲ್‌ನವರು ಮಾಲಿನಲ್ಲಿ ತೇವ ಜಾಸ್ತಿ ಅಂತ ಅರ್ಧ ಲಾರಿ ವಾಪಸ್ ಕಳಿಸಿದರು. ವಿನಿಮಯ ಕೇಂದ್ರದಲ್ಲಿ ಹಾಗಾಗುವುದಿಲ್ಲ. ಎದುರಿಗಿದ್ದವನು ಕೈ ಎತ್ತಿದರೂ ಲೆಕ್ಕ ತೀರಿಸುವ ಹೊಣೆ ಕ್ಲಿಯರಿಂಗ್ ಕಾರ್ಪೊರೇಷನ್ ಮೇಲೆ ಇರುತ್ತದೆ. ನಾವು ಕಳೆದುಕೊಂಡದ್ದು ದರ ಒಂದನ್ನೇ ಅಲ್ಲ, ಆ ಖಾತ್ರಿಯನ್ನೂ ಅಂತ ಆವತ್ತು ಲಾರಿ ಮುಂದೆ ನಿಂತಾಗ ಗೊತ್ತಾಯಿತು.

2023ರ ಡಿಸೆಂಬರಿನಲ್ಲಿ ನಿಷೇಧ ಮತ್ತೆ ಒಂದು ವರ್ಷ ಮುಂದುವರಿಯಿತು. 2024ರ ಡಿಸೆಂಬರಿನಲ್ಲಿ ಮೊದಲು ಜನವರಿ 31ರ ತನಕ, ಆಮೇಲೆ ಮಾರ್ಚ್ 31ರ ತನಕ ಅಂದರು. ಅಷ್ಟು ಸಣ್ಣ ಅವಧಿ ನೋಡಿ ಈ ಸಲ ತೆರೆಯುತ್ತದೆ ಅಂತ ನಮಗೆಲ್ಲ ಆಸೆ ಹುಟ್ಟಿತ್ತು. 2025ರ ಆ ಹಂಗಾಮಿಗೆ ಬೆಂಬಲ ಬೆಲೆ 5,650 ಆಗಿತ್ತು. ಕಡಲೆಗೆ ಬದಲಿಯಾಗಿ ಬಳಸುವ ವಿದೇಶಿ ಬಟಾಣಿ ಸುಂಕ ಇಲ್ಲದೆ ಬರುತ್ತಿತ್ತು. ದರ ಬೀಳಬಹುದು ಅನ್ನೋ ಅಂಜಿಕೆ ಎಲ್ಲರಲ್ಲೂ ಇತ್ತು. ಆಗಲೇ ನಿಷೇಧ 2026ರ ಮಾರ್ಚ್ 31ಕ್ಕೆ ಹೋಯಿತು.

ಅವತ್ತು ಸಂಜೆ ಧಾರವಾಡದಿಂದ ಫೋನ್ ಬಂತು. "ಅಕ್ಕಾರ, ಈ ಸಲ ಒಂದ ವರ್ಷ ಪೂರ್ತಿ ಐತಿ. ಟೈಮ್ ಸಿಗತೈತಿ. ದಿನಾಂಕ ತಿದ್ದಲೇನ್ರಿ?" ಅಂದರು ವಕೀಲರು. ಸಭೆ ಕರೆದು ಕೇಳಿ ಹೇಳುತ್ತೇನೆ ಅಂದೆ.

ಮರುದಿನ ಗೋದಾಮಿಗೆ ಹೋದೆ. ಕಡಲೆ ಇನ್ನೂ ಬರುತ್ತಿತ್ತು. ಬಾಗಿಲ ಹತ್ತಿರ ಕಾಕಾ ತಮ್ಮ ಎಂಟು ಚೀಲ ತೂಗಿಸುತ್ತಿದ್ದರು. ಚೀಟಿ ಹರಿದು ಕೊಟ್ಟಾಗ ಅದನ್ನು ಜೇಬಿಗೆ ಹಾಕಿಕೊಳ್ಳದೆ ನನ್ನ ಕೈಗೆ ಕೊಟ್ಟರು. "ಇದನ್ನ ನೀನ ಇಟ್ಕೊ, ನನ್ನ ಹಂತ್ಯಾಕ ಇದ್ರ ಕಳೀತೈತಿ" ಅಂದರು. ನಾನು ಅದರ ಫೋಟೋ ತೆಗೆದು, ನಂಬರ್ ಹಾಕಿ, ಹೊಸ ಫೈಲಿಗೆ ಸೇರಿಸಿದೆ. ಅದು ಆ ಹಂಗಾಮಿನ 27ನೇ ಚೀಟಿ.